ಬುಧವಾರ, ಭಾನುವಾರ ಮತ್ತು ಉಳಿದ ಐದು ದಿನ

ಮೂರು ವರ್ಷ ಬೆಂಗಳೂರಿನ ಜಿಮ್‌ಗೆ ದುಡ್ಡು ಕಟ್ಟಿದವನು ನಾನು. ಡೆಡ್‌ಲಿಫ್ಟ್‌ನಲ್ಲಿ 100 ಕೆ.ಜಿ. ಎತ್ತಿದ ದಿನ ಗೆಳೆಯನ ಕೈಲಿ ವಿಡಿಯೋ ಮಾಡಿಸಿ ಸ್ಟೇಟಸ್‌ಗೆ ಹಾಕ್ಕೊಂಡಿದ್ದೆ. ಅದಾಗಿ ಐದು ತಿಂಗಳಿಗೆ ಚೋರನೂರಿನ ನಮ್ಮ ಮನೆಯಲ್ಲಿ, 62 ಕೆ.ಜಿ. ತೂಗುವ ಅಪ್ಪನನ್ನು ಮಂಚದಿಂದ ಕುರ್ಚಿಗೆ ಕೂರಿಸೋಕೆ ಹೋಗಿ ಸೊಂಟ ಹಿಡಿಸಿಕೊಂಡು, ಅದೇ ಮಂಚದ ಮೇಲೆ ಅವನ ಪಕ್ಕ ಬಿದ್ದುಕೊಂಡೆ.

ಅಪ್ಪನಿಗೆ ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಮಾತು ಕೇಳ್ತಿರಲಿಲ್ಲ. ಬಾಯಿ ಮಾತ್ರ ಪುಣ್ಯಕ್ಕೆ ಸರಿಯಾಗಿತ್ತು. ಸ್ವಲ್ಪ ಹೆಚ್ಚೇ ಸರಿಯಾಗಿತ್ತು ಅನ್ನಬೇಕು. ಪಕ್ಕದಲ್ಲಿ ನರಳುತ್ತಾ ಮಲಗಿದ್ದ ನನ್ನನ್ನು ನೋಡಿ ಕೇಳಿದ: "ಅಷ್ಟೊಂದು ರೊಕ್ಕ ಕೊಟ್ಟು ಕಬ್ಬಿಣ ಎತ್ತಿದ್ಯಲ್ಲೋ ತಮ್ಮಾ, ಒಬ್ಬ ಮುದುಕನ್ನ ಎತ್ತಾಕ ಆಗ್ಲಿಲ್ಲೇನು?"

ಅವ್ವ ಆಚೆ ಮನೆಯವರನ್ನು ಕರೆದುಕೊಂಡು ಬಂದಳು. ಮೊದಲು ನನ್ನನ್ನು ಎಬ್ಬಿಸಿದರು, ಆಮೇಲೆ ಅಪ್ಪನನ್ನು.

ಸೊಂಟದ ನೋವು ಎರಡು ವಾರಕ್ಕೆ ಹೋಯ್ತು. ಅಪ್ಪ ಕೇಳಿದ ಪ್ರಶ್ನೆ ಮಾತ್ರ ಹೋಗಲಿಲ್ಲ. ನಿಜವಾಗ್ಲೂ, ಯಾಕೆ ಆಗ್ಲಿಲ್ಲ?

ಒಂದು ಕಾರಣ ಸುಲಭವಾಗಿ ಹೊಳೆಯುತ್ತೆ. ಜಿಮ್‌ನ ರಾಡು ಒಳ್ಳೆ ಹುಡುಗ. ಎರಡೂ ಕಡೆ ಸಮ ತೂಕ, ಹಿಡಿಯೋಕೆ ಸರಿಯಾದ ಜಾಗ. ಕಾಲಿಗೆ ಅಂಟಿಸಿಕೊಂಡು ಎತ್ತಿದರೆ ನೆಟ್ಟಗೆ ಮೇಲೆ ಬರುತ್ತೆ. ಅಪ್ಪ ಹಾಗಲ್ಲ. ಒಂದು ಕಡೆ ಜೋತು ಬಿದ್ದಿರ್ತಾನೆ, ಭಯಕ್ಕೆ ಹಿಂದಕ್ಕೆ ವಾಲ್ತಾನೆ, ಮಧ್ಯದಲ್ಲಿ ಪಂಚೆ ಬಿಚ್ಚಿಕೊಳ್ಳುತ್ತೆ. ನಾನು ದೂರದಲ್ಲಿ ನಿಂತು, ಬೆನ್ನು ಬಗ್ಗಿಸಿ, ಎತ್ತುತ್ತಲೇ ಸೊಂಟ ತಿರುಗಿಸಿದ್ದೆ. ಬೆನ್ನಿಗೆ ಏನೇನು ಮಾಡಬಾರದೋ ಅಷ್ಟನ್ನೂ ಒಂದೇ ಏಟಿಗೆ ಮಾಡಿದ್ದೆ.

ಇನ್ನೊಂದು ಕಾರಣ ಒಪ್ಪಿಕೊಳ್ಳೋಕೆ ಕಷ್ಟ. ಅಪ್ಪನಿಗೆ ಹೀಗಾದ ಮೇಲೆ ಆಸ್ಪತ್ರೆ, ಮನೆ, ಲ್ಯಾಪ್‌ಟಾಪ್ ಅಂತ ಆರು ವಾರ ಕಳೆದಿತ್ತು. ಆ ಆರು ವಾರದಲ್ಲಿ ನಾನು ಒಂದೇ ಒಂದು ಬಸ್ಕಿ ಹೊಡೆದಿರಲಿಲ್ಲ. ಟೈಮ್ ಇರಲಿಲ್ಲ ಅಂತಲ್ಲ. ಜಿಮ್ ಇರಲಿಲ್ಲ ಅಷ್ಟೆ. ಜಿಮ್ ಇಲ್ಲ ಅಂದ್ರೆ ವ್ಯಾಯಾಮವೂ ಇಲ್ಲ ಅಂತ ನನ್ನ ತಲೆಯಲ್ಲಿ ಯಾವಾಗ ಕೂತಿತ್ತೋ ಗೊತ್ತಿಲ್ಲ.

ತಮಾಷೆ ಅಂದ್ರೆ, ಇದೇ ನಾನು 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ರೂಮಿನಲ್ಲಿ ಯೂಟ್ಯೂಬ್ ನೋಡಿಕೊಂಡು ದಿನಾ ಕುಣಿದವನು. ಆ ವರ್ಷ ಆಗಸ್ಟ್ 5ರಿಂದ ಜಿಮ್ ತೆರೆಯಬಹುದು ಅಂತ ಸರ್ಕಾರ ಹೇಳಿತು. ಸ್ವಲ್ಪ ತಿಂಗಳು ಕಾದು ನಾನೂ ಸೇರಿಕೊಂಡೆ. ಸೇರಿದ ದಿನವೇ ಮನೆ ವ್ಯಾಯಾಮಕ್ಕೆ ವಿದಾಯ. ಕಷ್ಟಪಟ್ಟು ಹುಡುಕಿ ತಂದಿದ್ದ ಡಂಬೆಲ್ ಜೋಡಿ ಬಾಲ್ಕನಿ ಬಾಗಿಲು ಬಡಿದುಕೊಳ್ಳದ ಹಾಗೆ ತಡೆಯುವ ಕೆಲಸಕ್ಕೆ ಸೇರಿದವು. ನನ್ನ ಲೆಕ್ಕದಲ್ಲಿ ಮನೆ ವ್ಯಾಯಾಮ ಅನ್ನೋದು ಜಿಮ್‌ಗೆ ಹೋಗಲಾಗದವರು ಮಾಡುವಂಥದ್ದು. ಎರಡೂ ಒಟ್ಟಿಗೆ ಇರಬಹುದು ಅಂತ ಹೊಳೆದಿರಲೇ ಇಲ್ಲ.

ಅದನ್ನು ಹೊಳೆಸಿದ್ದು ಅಪ್ಪನ ಫಿಸಿಯೋ. ವಾರಕ್ಕೊಂದು ಸಲ ಮನೆಗೆ ಬರುತ್ತಿದ್ದ ಹುಡುಗಿ, ನನಗಿಂತ ಏಳೆಂಟು ವರ್ಷ ಚಿಕ್ಕವಳು. ನಾನು ಸೊಂಟಕ್ಕೆ ಪಟ್ಟಿ ಸುತ್ತಿಕೊಂಡು ನಿಂತಿದ್ದನ್ನು ನೋಡಿ ಮೊದಲು ನಕ್ಕಳು. ಆಮೇಲೆ, "ನೀವೇ ಎತ್ತಿ ಕೂರಿಸಿಬಿಟ್ರೆ ಅವರ ಕಾಲು ಯಾವಾಗ ಕೆಲಸ ಕಲಿಯೋದು ಸರ್?" ಅಂದಳು.

ಆಮೇಲೆ ತೋರಿಸಿಕೊಟ್ಟಳು. ಕುರ್ಚಿಯನ್ನು ಬಲಕ್ಕೆ, ಅಂದರೆ ಶಕ್ತಿ ಇರುವ ಕಡೆಗೆ ಇಡಬೇಕು. ಅಪ್ಪ ಮಂಚದ ಅಂಚಿಗೆ ಸರಿದು ಕೂರಬೇಕು, ಪಾದ ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ. ಎಡ ಮೊಣಕಾಲು ಕುಸಿಯದ ಹಾಗೆ ನನ್ನ ಮೊಣಕಾಲಿನಿಂದ ತಡೆಯಬೇಕು. ಅವನ ಎಡಗೈ ಹಿಡಿದು ಎಳೆಯಲೇಬಾರದು. ಲಕ್ವ ಹೊಡೆದ ಕಡೆಯ ಭುಜದ ಕೀಲು ಸಡಿಲ ಇರುತ್ತೆ, ಎಳೆದರೆ ಜಾರುತ್ತೆ. ಹಿಡಿಯೋದು ಸೊಂಟಕ್ಕೆ ಕಟ್ಟಿದ ಅಗಲ ಬೆಲ್ಟನ್ನು. ಒಂದು, ಎರಡು, ಮೂರು ಅಂದಾಗ ಅಪ್ಪ ಮೂಗು ಮೊಣಕಾಲು ದಾಟುವಷ್ಟು ಮುಂದಕ್ಕೆ ಬಾಗಬೇಕು. ಬಾಗಿದರೆ ಅರ್ಧ ತೂಕ ತಾನಾಗೇ ಕಾಲಿನ ಮೇಲೆ ಬಂದು ಬಿಡುತ್ತೆ.

ನಾನು ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು, ಹತ್ತಿರ ನಿಂತೆ. ಅಪ್ಪ ಬಾಗಿದ. ಎದ್ದ. ಮೂರು ಸೆಕೆಂಡ್ ನಿಂತ. ಕೂತ. ನನ್ನ ಸೊಂಟಕ್ಕೆ ಏನೂ ಆಗಲಿಲ್ಲ.

"ಇದನ್ನ ದಿನಕ್ಕೆ ನಾಲ್ಕು ಸಲ, ಸಲಕ್ಕೆ ಐದೈದು. ನಾನು ಬರೋದು ವಾರಕ್ಕೆ ಒಂದು ಗಂಟೆ ಸರ್. ಆ ಒಂದು ಗಂಟೇಲಿ ನಾನು ಕಲಿಸ್ತೀನಿ, ತಪ್ಪು ತಿದ್ದುತೀನಿ. ಕಾಲಿಗೆ ಶಕ್ತಿ ಬರೋದು ಉಳಿದ ದಿನದಲ್ಲಿ."

ಆಕೆ ಹೋದ ಮೇಲೆ ಕಟ್ಟೆ ಮೇಲೆ ಕೂತು ಯೋಚಿಸಿದೆ. ಲಕ್ವ ಹೊಡೆದ ಕಾಲು ಮತ್ತೆ ಕಲಿಯೋದು ಮಾಡಿದ್ದನ್ನೇ ಮಾಡಿ ಮಾಡಿ. ಮಿದುಳಿಗೆ ಆ ದಾರಿ ಮತ್ತೆ ಸವೆಯಬೇಕು. ವಾರಕ್ಕೊಂದು ಗಂಟೆಯಲ್ಲಿ ಯಾವ ದಾರಿಯೂ ಸವೆಯಲ್ಲ. ಅಪ್ಪನಿಗೆ ಫಿಸಿಯೋ ಬರುವ ದಿನ ಅಂದ್ರೆ ಜಿಮ್ ದಿನ. ಉಳಿದ ಆರು ದಿನ ಮನೆ. ನನ್ನ ಮೂರು ವರ್ಷದ ಜಿಮ್‌ನಲ್ಲಿ ಆ ಉಳಿದ ದಿನಗಳು ಎಲ್ಲಿದ್ದವು? ಒಂದು ಗಂಟೆ ಎದ್ದುಬಿದ್ದು ಎತ್ತೋದು, ಆಮೇಲೆ ಹತ್ತು ಗಂಟೆ ಕುರ್ಚಿಯಲ್ಲಿ ಬಾಗಿ ಕೂರೋದು. ಆ ಒಂದು ಗಂಟೆ ಎಲ್ಲವನ್ನೂ ಸರಿ ಮಾಡುತ್ತೆ ಅಂದುಕೊಂಡಿದ್ದೆ.

ಸೊಂಟ ಸರಿಯಾದ ಮೇಲೆ ಸಂಡೂರಿನ ಒಂದು ಜಿಮ್‌ಗೆ ಸೇರಿದೆ. ಬೈಕಲ್ಲಿ ಹೋಗಿ, ವ್ಯಾಯಾಮ ಮಾಡಿ, ವಾಪಸ್ ಬರೋಕೆ ಮೂರು ಗಂಟೆ ಹಿಡಿಯುತ್ತೆ. ಎದುರಿಗೆ ಬರುವ ಅದಿರಿನ ಲಾರಿಗಳ ಕೆಂಪು ಧೂಳಿಗೆ ಹೋಗುವಾಗಿನ ಬಿಳಿ ಟೀ ಶರ್ಟು ಬರುವಾಗ ಇಟ್ಟಿಗೆ ಬಣ್ಣ. ನಮ್ಮದೇ ತಾಲ್ಲೂಕಿನ ತೋರಣಗಲ್ಲಿನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, 2018ರಿಂದ. ನೀರಜ್ ಚೋಪ್ರಾ ಅಂಥವರು ತರಬೇತಿ ಮಾಡಿದ ಜಾಗ. ಚಿನ್ನದ ಪದಕದವರಿಗೆ ನಮ್ಮ ತಾಲ್ಲೂಕು ಸಾಕು, ನನಗೆ ಮಾತ್ರ ದೂರ ಆಗುತ್ತೆ ಅಂತ ಗೊಣಗಿಕೊಂಡೇ ಗಾಡಿ ಓಡಿಸ್ತಿದ್ದೆ. ದಿನಾ ಹೋಗೋದು ಆಗದ ಮಾತು. ವಾರಕ್ಕೆರಡು ದಿನ, ಬುಧವಾರ ಮತ್ತು ಭಾನುವಾರ ಅಂತ ಗೊತ್ತು ಮಾಡಿಕೊಂಡೆ.

ಉಳಿದ ಐದು ದಿನಕ್ಕೆ ಏನು ಮಾಡಬೇಕು ಅನ್ನೋದನ್ನ ಮೂರು ತಪ್ಪು ಮಾಡಿ ಕಲಿತೆ. ನಿಮಗೂ ಉಪಯೋಗ ಆಗಬಹುದು ಅಂತ ಹೇಳ್ತೀನಿ.

ಮೊದಲನೇ ತಪ್ಪು, ಮನೆ ವ್ಯಾಯಾಮವನ್ನು ದಂಡ ಕಟ್ಟೋ ಥರ ಮಾಡಿದ್ದು. ಒಂದು ಬುಧವಾರ ಆಫೀಸ್ ಕಾಲ್ ಮುಗಿಯಲಿಲ್ಲ, ಜಿಮ್ ತಪ್ಪಿತು. ರಾತ್ರಿ ಹತ್ತಕ್ಕೆ ಅಂಗಳದಲ್ಲಿ 100 ಬರ್ಪಿ ಹೊಡೆದೆ. ನಾಯಿ ಬೊಗಳಿತು, ಅವ್ವ ಬೈದಳು. ಮಾರನೇ ದಿನ ಅಪ್ಪನ ಬೆಲ್ಟ್ ಹಿಡಿಯೋಕೆ ನನಗೇ ಕಾಲು ನಡುಗುತ್ತಿತ್ತು. ತಪ್ಪಿದ ಜಿಮ್ ತಪ್ಪಿತು, ಅಷ್ಟೆ. ಭಾನುವಾರ ಇದ್ದೇ ಇದೆ.

ಎರಡನೇ ತಪ್ಪು, ಜಿಮ್‌ನಲ್ಲಿ ಮಾಡಿದ್ದನ್ನೇ ಮನೆಯಲ್ಲೂ ಮಾಡಿದ್ದು. ಬುಧವಾರ ಬೆಂಚ್ ಪ್ರೆಸ್, ಗುರುವಾರ ಬೆಳಿಗ್ಗೆ ಮೈ ಮುರಿಯುವಷ್ಟು ದಂಡ. ಭಾರ ಎತ್ತಿದ ಮೇಲೆ ಸ್ನಾಯುವಿನ ನೋವು ಒಂದರಿಂದ ಮೂರು ದಿನದೊಳಗೆ ಜಾಸ್ತಿಯಾಗುತ್ತೆ. ಅದೇ ಜಾಗವನ್ನು ಮತ್ತೆ ಜಜ್ಜಿದರೆ ಮುಂದಿನ ಜಿಮ್ ದಿನಕ್ಕೆ ದೇಹ ತಯಾರಾಗಿರಲ್ಲ. ಮೂರು ವಾರ ನನ್ನ ತೂಕ ಒಂದು ಕೆ.ಜಿ. ಕೂಡ ಮೇಲೆ ಹೋಗಲಿಲ್ಲ. ನಾನು ಬಲ ಸಾಲದು ಅಂದುಕೊಂಡೆ. ಸಾಲದೆ ಇದ್ದದ್ದು ವಿಶ್ರಾಂತಿ.

ಮೂರನೇ ತಪ್ಪು, ಮನೆಯನ್ನೇ ಜಿಮ್ ಮಾಡೋಕೆ ಹೋಗಿದ್ದು. ಆನ್‌ಲೈನ್‌ನಲ್ಲಿ ಬೆಂಚು, ರಾಡು, ಪ್ಲೇಟು ಎಲ್ಲಾ ಕಾರ್ಟ್‌ಗೆ ಹಾಕಿದ್ದೆ. ಅಪ್ಪ ಬೆಲೆ ಕೇಳಿದ, ಹೇಳಿದೆ. "ಆ ರೊಕ್ಕಕ್ಕ ಒಂದು ಎಮ್ಮಿ ಬರ್ತೈತಿ, ಎಮ್ಮಿ ಎತ್ತು" ಅಂದ. ಕಾರ್ಟ್ ಖಾಲಿ ಮಾಡಿದೆ.

ಕೊನೆಗೆ ಹೀಗೆ ಹಂಚಿಕೊಂಡೆ: ಮನೆಯಲ್ಲಿ ಮಾಡಲಾಗದ್ದಕ್ಕೆ ಜಿಮ್, ದಿನಾ ಮಾಡಬೇಕಾದ್ದಕ್ಕೆ ಮನೆ.

ಮನೆಯಲ್ಲಿ ತಳ್ಳೋದು ಸುಲಭ. ಒಂದು ದಂಡ ಹೊಡೆದರೆ ನಮ್ಮ ತೂಕದ ಸುಮಾರು ಮೂರರಲ್ಲಿ ಎರಡು ಭಾಗವನ್ನು ಕೈ ಹೊರುತ್ತೆ. 72 ಕೆ.ಜಿ. ಇರೋ ನನಗೆ ಅದೇನು ಕಡಿಮೆ ಅಲ್ಲ. ಕಷ್ಟ ಇರೋದು ಎಳೆಯೋದರಲ್ಲಿ. ಬೆನ್ನಿನ ಸ್ನಾಯುಗಳಿಗೆ ಎಳೆಯುವ ಕೆಲಸ ಬೇಕು, ನಮ್ಮ ಮನೆಯಲ್ಲಿ ಜೋತು ಬೀಳೋಕೆ ಗಟ್ಟಿ ಜಾಗ ಇಲ್ಲ. ಹಾಗೇ ಭಾರ ಹೆಚ್ಚಿಸುತ್ತಾ ಹೋಗೋದು. ಈ ವಾರ 60, ಇನ್ನೆರಡು ವಾರಕ್ಕೆ 62.5 ಅಂತ ಏರಿಸೋಕೆ ಪ್ಲೇಟುಗಳೇ ಬೇಕು. ಹಾಗಾಗಿ ಜಿಮ್‌ನಲ್ಲಿ ಡೆಡ್‌ಲಿಫ್ಟ್, ರೋ, ಪುಲ್‌ಡೌನ್, ಲೆಗ್ ಪ್ರೆಸ್, ಒಂದಷ್ಟು ಭುಜ. 50 ನಿಮಿಷ, ಅಷ್ಟೇ. ಪ್ರತಿ ಸೆಟ್‌ನಲ್ಲೂ ಇನ್ನೆರಡು ಸಲ ಎತ್ತಬಹುದಿತ್ತು ಅನ್ನಿಸುವಾಗಲೇ ನಿಲ್ಲಿಸ್ತೀನಿ. ವಿಡಿಯೋ ಇಲ್ಲ.

ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ, 20 ನಿಮಿಷ. ಬಸ್ಕಿ ಹತ್ತು ಹತ್ತರಂತೆ ಮೂರು ಸಲ. ದಂಡ ಅರ್ಧಕ್ಕರ್ಧ, ಸುಸ್ತಾಗುವ ಮುಂಚೆ ಬಿಡೋದು. ಅಂಗಾತ ಮಲಗಿ ಸೊಂಟ ಎತ್ತೋದು, ಪ್ಲ್ಯಾಂಕ್, ಒಂದೇ ಕಾಲಲ್ಲಿ ನಿಲ್ಲೋದು. ಜಿಮ್ ಆದ ಮಾರನೇ ದಿನ ಇದರಲ್ಲೂ ಅರ್ಧ, ಉಳಿದದ್ದು ನಡಿಗೆ. ಆಮೇಲೆ ನೀರು. ಶುದ್ಧ ನೀರಿನ ಘಟಕದಿಂದ ಎರಡು ಕ್ಯಾನ್ ತರಬೇಕು, ಒಂದೊಂದು 20 ಲೀಟರ್. ಮೊದಲು ಬೈಕಿಗೆ ಕಟ್ಟಿಕೊಂಡು ಬರ್ತಿದ್ದೆ. ಈಗ ಕೈಗೊಂದರಂತೆ ಹಿಡಿದು ನಡೆದೇ ಬರ್ತೀನಿ. ಬೆನ್ನು ನೆಟ್ಟಗೆ, ಭುಜ ಹಿಂದೆ, 40 ಕೆ.ಜಿ. ಬೆಂಗಳೂರಿನ ಜಿಮ್‌ನಲ್ಲಿ ಇದಕ್ಕೆ ಫಾರ್ಮರ್ಸ್ ವಾಕ್ ಅಂತಿದ್ದರು. ಇಲ್ಲಿ ದಾರಿಯಲ್ಲಿ ಸಿಕ್ಕ ಒಬ್ಬ ನಿಜವಾದ ಫಾರ್ಮರ್, "ಯಾಕಪಾ, ಗಾಡಿ ಕೆಟ್ಟೈತೇನು?" ಅಂತ ಕೇಳಿದ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಹೆಚ್ಚೂಕಮ್ಮಿ ಇದನ್ನೇ ಹೇಳುತ್ತೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಓಡಾಟದ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. ಎರಡು ದಿನದ ಭಾರ ಸಂಡೂರಿನಲ್ಲಿ, ನಿಮಿಷಗಳ ಲೆಕ್ಕ ಚೋರನೂರಿನಲ್ಲಿ. ಇದಕ್ಕಿಂತ ದೊಡ್ಡ ರಹಸ್ಯ ಏನೂ ಇಲ್ಲ.

ಇದು ಹೊಸದೂ ಅಲ್ಲ. ಹಂಪಿ ನಮಗೇನು ದೂರ? ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬೆಳಗಿನ ದಿನಚರಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಸಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳಲ್ಲಿ ಎತ್ತುತ್ತಿದ್ದನಂತೆ. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಹೋಗುವ ತನಕ ಕತ್ತಿ ಬೀಸೋದು. ಆಮೇಲೆ ತನ್ನ ಪೈಲ್ವಾನರಲ್ಲಿ ಒಬ್ಬನ ಜೊತೆ ಕುಸ್ತಿ, ಕೊನೆಗೆ ಬಯಲಲ್ಲಿ ಕುದುರೆ ಸವಾರಿ. ಒಬ್ಬನೇ ಮಾಡಬಹುದಾದದ್ದು ಒಬ್ಬನೇ. ಕುಸ್ತಿಗೆ ಇನ್ನೊಬ್ಬ ಬೇಕು, ಸವಾರಿಗೆ ಬಯಲು ಬೇಕು. ಮಹಾನವಮಿ ದಿಬ್ಬದ ಗೋಡೆಯ ಮೇಲೆ ಆ ಕುಸ್ತಿಯವರು ಇನ್ನೂ ಪಟ್ಟು ಹಿಡಿದು ನಿಂತಿದ್ದಾರೆ, ನೋಡಿರ್ತೀರಿ. ಎಣ್ಣೆ ಕುಡಿಯೋದನ್ನ ಮಾತ್ರ ನಾನು ಯಾರಿಗೂ ಹೇಳಲ್ಲ.

ಈ ಕತೆಯನ್ನು ಅಪ್ಪನಿಗೆ ಹೇಳಿದೆ. ಅವನಿಗೆ ರಾಯನಿಗಿಂತ ತನ್ನ ಕತೆಯೇ ಮೇಲು. ಹರೆಯದಲ್ಲಿ ಜಾತ್ರೆಗಳಲ್ಲಿ ಉಸುಕಿನ ಚೀಲ ಎತ್ತುವ ಪಣಕ್ಕೆ ಹೋಗ್ತಿದ್ದನಂತೆ. "ಗರಡಿಗೆ ಯಾವಾಗ ಹೋಗ್ತಿದ್ದಿ?" ಅಂದೆ. "ಗರಡಿ ಇದ್ದದ್ದು ಜಾತ್ರಿ ಹತ್ರ ಬಂದಾಗ ಹದಿನೈದು ದಿವಸ. ವರ್ಷಪೂರ್ತಿ ಹೊಲದಾಗ ಚೀಲ ಹೊತ್ತಿದ್ದೇ ಸಾಮು" ಅಂದ. ಸ್ವಲ್ಪ ಹೊತ್ತು ತನ್ನ ಎಡಗೈಯನ್ನೇ ನೋಡುತ್ತಾ ಕೂತ. ಮಾತು ಮುಂದುವರಿಸಲಿಲ್ಲ. ನಾನೂ ಕೇಳಲಿಲ್ಲ.

ನಿಜ ಹೇಳಬೇಕಂದ್ರೆ ಮನೆ ವ್ಯಾಯಾಮ ತಪ್ಪದೆ ನಡೆದದ್ದು ನನ್ನ ಶಿಸ್ತಿನಿಂದಲ್ಲ. ಏಳು ಗಂಟೆಗೆ ಅಪ್ಪನ ಏಳೋದು-ಕೂರೋದು ಇರ್ತಿತ್ತು. ಅವನು ಐದು ಸಲ ಎದ್ದು ಕೂತು ಸುಧಾರಿಸಿಕೊಳ್ಳುವಾಗ ನಾನು ಹತ್ತು ಬಸ್ಕಿ. ಮತ್ತೆ ಅವನು, ಮತ್ತೆ ನಾನು. ಗೋಡೆಯ ಕ್ಯಾಲೆಂಡರ್‌ನಲ್ಲಿ ಅವ್ವ ಹಾಲಿನ ಲೆಕ್ಕ ಗೀಚುವ ಜಾಗದ ಪಕ್ಕದಲ್ಲೇ ನಮ್ಮಿಬ್ಬರ ಲೆಕ್ಕ. ತಿಂಗಳಾದ ಮೇಲೆ ಅಪ್ಪನ ಐದು ಎಂಟಾಯ್ತು. ಬೆಲ್ಟ್ ನನ್ನ ಕೈಯಲ್ಲಿರ್ತಿತ್ತು, ಎಳೆಯುವ ಅಗತ್ಯ ಬೀಳ್ತಿರಲಿಲ್ಲ. ಎರಡೂವರೆ ತಿಂಗಳಿಗೆ ಕೋಲು ಹಿಡಿದು ಬಚ್ಚಲಿಗೆ ತಾನೇ ಹೋದ. ಆವತ್ತು ಅವ್ವ ಏನೂ ಹೇಳಲಿಲ್ಲ, ಮಧ್ಯಾಹ್ನದ ರೊಟ್ಟಿಗೆ ಬೆಣ್ಣೆ ಜಾಸ್ತಿ ಇತ್ತು.

ಎಡಗೈ ಮಾತ್ರ ಇನ್ನೂ ಬಂದಿಲ್ಲ. ಬೆರಳು ಸ್ವಲ್ಪ ಮಡಚುತ್ತೆ, ಅಷ್ಟೇ. ಹೊಲಕ್ಕೆ ಹೋಗ್ತೀನಿ ಅಂತ ವಾರಕ್ಕೊಮ್ಮೆ ಹಟ ಮಾಡ್ತಾನೆ.

ಇಷ್ಟರಲ್ಲಿ ಆಫೀಸಿನಿಂದ ಮೇಲ್ ಬಂತು. ಮುಂದಿನ ತಿಂಗಳಿಂದ ವಾರಕ್ಕೆ ನಾಲ್ಕು ದಿನ ಬರಲೇಬೇಕು. ಮೂರು ದಿನ ಯಾರಿಗೂ ಹೇಳಲಿಲ್ಲ. ನನಗೆ ಹೆದರಿಕೆ ಇದ್ದದ್ದು ಒಂದೇ: ನಾನು ಹೋದರೆ ಏಳು ಗಂಟೆ ಏನಾಗುತ್ತೆ? ಆಸ್ಪತ್ರೆ, ಮಾತ್ರೆ, ಫಿಸಿಯೋ ಇದಕ್ಕೆಲ್ಲ ದುಡ್ಡು ಕಳಿಸಬಹುದು. ಏಳು ಗಂಟೆಗೆ ಪಕ್ಕದಲ್ಲಿ ನಿಂತು ಎಣಿಸೋಕೆ ದುಡ್ಡು ಕಳಿಸೋದು ಹೇಗೆ?

ನಾಲ್ಕನೇ ದಿನ ಹೇಳಿದೆ. ಅಪ್ಪ ಅರ್ಧ ನಿಮಿಷ ಸುಮ್ಮನಿದ್ದ. "ಫೋನ್ ಐತಲ್ಲ" ಅಂದ.

ಈಗ ಬೆಂಗಳೂರಿನಲ್ಲಿದ್ದೀನಿ. ಜಿಮ್ ಮನೆಯಿಂದ ಹತ್ತು ನಿಮಿಷದ ನಡಿಗೆ, ದಿನಾ ಹೋಗಬಹುದು. ಹೋಗೋದು ಬುಧವಾರ, ಭಾನುವಾರ ಮಾತ್ರ. ಬಾಲ್ಕನಿ ಬಾಗಿಲಿಗೆ ಬೇರೆ ಕಲ್ಲು ಇಟ್ಟು ಡಂಬೆಲ್‌ಗಳನ್ನು ಒಳಗೆ ತಂದಿದ್ದೀನಿ. ನೀವು ಜಿಮ್‌ಗೆ ವರ್ಷದ ದುಡ್ಡು ಕಟ್ಟಿ ಎರಡನೇ ತಿಂಗಳಿಗೆ ಬಿಟ್ಟವರಾಗಿದ್ದರೆ ನನ್ನದೊಂದು ಸಲಹೆ. ಮೊದಲು ಮನೆಯ 20 ನಿಮಿಷವನ್ನು ಗಟ್ಟಿ ಮಾಡಿಕೊಳ್ಳಿ, ಅದಕ್ಕೊಂದು ಹೊತ್ತು, ಸಾಧ್ಯವಾದರೆ ಒಬ್ಬರು ಜೊತೆ. ಅದು ಕೂತ ಮೇಲೆ ಜಿಮ್‌ನ ಎರಡು ದಿನ ಸೇರಿಸಿ. ಆಗ ಜಿಮ್ ತಪ್ಪಿದರೂ ಎಲ್ಲವೂ ತಪ್ಪಲ್ಲ. ಸೊಂಟ ಹಿಡಿದುಕೊಂಡರೆ ಗಾಬರಿಯಾಗಿ ವಾರಗಟ್ಟಲೆ ಮಲಗಬೇಡಿ, ಮೆಲ್ಲಗೆ ನಡೆದಾಡಿ. ಕಾಲು ಜೋಮು ಹಿಡಿದರೆ, ಶಕ್ತಿ ಕಳೆದುಕೊಂಡರೆ ಅಥವಾ ಮೂತ್ರದ ಮೇಲೆ ಹಿಡಿತ ತಪ್ಪಿದರೆ ಮಾತ್ರ ತಕ್ಷಣ ಡಾಕ್ಟರ ಹತ್ತಿರ ಓಡಿ.

ಏಳು ಗಂಟೆಗೆ ಫೋನ್ ಮಾಡ್ತೀನಿ. ಅವ್ವ ಸ್ಪೀಕರ್‌ಗೆ ಹಾಕಿ ಕಿಟಕಿ ಕಟ್ಟೆ ಮೇಲೆ ಇಡ್ತಾಳೆ. ಆ ಕಡೆ ಮಂಚ ಕಿರ್ ಅನ್ನುತ್ತೆ, ಈ ಕಡೆ ನನ್ನ ಮೊಣಕಾಲು ಲಟಕ್ ಅನ್ನುತ್ತೆ. ಎಣಿಕೆ ಅಪ್ಪನದೇ, ಜೋರಾಗಿ. ಆರು, ಏಳು, ಒಂಬತ್ತು, ಹತ್ತು.

"ಎಂಟು ಎಲ್ಲಿ ಹೋತು?" ಅಂತ ಅವ್ವನ ದನಿ ಕೇಳುತ್ತೆ.

"ಅದು ಅವನು ಹೊಡೆದ" ಅಂತಾನೆ ಅಪ್ಪ.